ಬಂಗುಡೆ ಪೈ ಮತ್ತು ವೇಲ್ಸ್‌ನವರ ಹಬ್ಬ

ಮೆಲ್ಬರ್ನ್‌ಗೆ ಬಂದ ಮೊದಲ ವಾರವೇ ನಾನು ಗಲ್ಲ ಸುಟ್ಟುಕೊಂಡೆ. ಕ್ಲೇಟನ್‌ನ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಮಧ್ಯಾಹ್ನ ಜೊತೆಗಾರ್ತಿಯೊಬ್ಬಳು ಕಾಗದದ ಚೀಲವೊಂದನ್ನು ಕೈಗಿಟ್ಟು ‘ಪೈ, ತಿನ್ನು’ ಎಂದಳು. ಮಂಗಳೂರಿನವಳಾದ ನನಗೆ ಪೈ ಎಂದರೆ ನಮ್ಮ ಬೀದಿಯ ದಿನಸಿ ಅಂಗಡಿಯವರು. ತಿನ್ನುವ ಪೈ ಏನಿದ್ದರೂ ಸೇಬು ಹಾಕಿದ ಸಿಹಿ ಎಂದುಕೊಂಡಿದ್ದೆ. ದೊಡ್ಡದಾಗಿ ಬಾಯಿ ತೆರೆದು ಕಚ್ಚಿದೆ. ಒಳಗಿದ್ದ ಕುದಿಯುವ ಮಾಂಸದ ಸಾರು ಗಲ್ಲದ ಮೇಲಿಂದ ಇಳಿದು ಬಿಳಿ ಕೋಟಿನ ಮೇಲೆಲ್ಲ ಹರಡಿತು. ದೇವರೇ, ಇದನ್ನು ಈ ಜನ ಕೈಯಲ್ಲಿ ಹಿಡಿದು, ಬಸ್ಸಿಗೆ ಓಡುತ್ತಾ ತಿನ್ನುತ್ತಾರಲ್ಲ!

ಮೂಲೆ ಕಚ್ಚಿ, ಊದಿ, ಹಬೆ ಹೋದ ಮೇಲೆ ತಿನ್ನಬೇಕೆಂದು ಕಲಿಯುವಷ್ಟರಲ್ಲಿ ಮೆಲ್ಬರ್ನ್ ನನ್ನದೂ ಆಗಿತ್ತು. ಅದಕ್ಕೆ ಮುಖ್ಯ ಕಾರಣ ಹಿಂದಿನ ಬೀದಿಯ ಲವೀನಾ. ಅವಳೂ ನಮ್ಮ ಕಡೆಯ ಕೊಂಕಣಿ ಕ್ರೈಸ್ತಳು. ಅವಳ ಅಡುಗೆಮನೆಯಲ್ಲಿ ನಾವು ನಾಲ್ಕೈದು ಹೆಂಗಸರು ಸೇರಿ ವೊವಿಯೊ ಹಾಡುತ್ತಿದ್ದೆವು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಎಂಬ ಶಾಸ್ತ್ರ ಇದೆ. ಆಗ ಹಾಡುವುದೇ ವೊವಿಯೊ. ಒಬ್ಬಳು ಸಾಲು ಎತ್ತಿಕೊಡಬೇಕು, ಉಳಿದವರು ತಿರುಗಿ ಹೇಳಬೇಕು. ಒಬ್ಬಳೇ ಹಾಡಿಕೊಂಡರೆ ಅದು ವೊವಿಯೊ ಆಗುವುದೇ ಇಲ್ಲ.

ಅಷ್ಟರಲ್ಲಿ ನನ್ನ ಗಂಡ ವಿನ್ಸಿಗೆ ಸಿಡ್ನಿಯ ಮ್ಯಾಕ್ವೆರಿ ಪಾರ್ಕ್ ಬಡಾವಣೆಯಲ್ಲಿ ಕೆಲಸ ಸಿಕ್ಕಿತು. ನಾನೂ ಅದೇ ಊರಿನ ವೆಸ್ಟ್‌ಮೀಡಿನಲ್ಲಿ ಒಂದು ಕೆಲಸ ಹುಡುಕಿಕೊಂಡೆ, ಸ್ಟೇಷನ್ ಪಕ್ಕ ಫ್ಲ್ಯಾಟ್ ಹಿಡಿದೆವು. ಮತ್ತೆ ಅ ಆ ಇ ಈಯಿಂದ ಶುರು. ಮೆಲ್ಬರ್ನಿನ ಟ್ರಾಮ್ ಕಾರ್ಡ್ ಇಲ್ಲಿ ಕೆಲಸಕ್ಕೆ ಬಾರದು. ಪೈಯನ್ನಾದರೂ ಬಲ್ಲೆ ಎಂದುಕೊಂಡರೆ, ಇಲ್ಲಿ ಅದರ ತಲೆ ಮೇಲೆ ಆಲೂಗಡ್ಡೆ ಮುದ್ದೆ, ಬಟಾಣಿ ಗೊಜ್ಜು ಹೇರಿ ಕೊಡುತ್ತಾರೆ. ಅಲ್ಲಿ ಶನಿವಾರ ಸಂಜೆ ಫೋನ್ ಬಿಡುವಿಲ್ಲದೆ ಬಡಿದುಕೊಳ್ಳುತ್ತಿತ್ತು, ಇಲ್ಲಿ ಸತ್ತಂತೆ ಬಿದ್ದಿರುತ್ತಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ.

“ಈಸ್ಟರ್ ತನಕ ನೋಡುವ ಮಾರಾಯ್ತಿ. ನಿನಗೆ ಆಗ್ಲೇ ಇಲ್ಲ ಅಂದ್ರೆ ವಾಪಸ್ ಮೆಲ್ಬರ್ನ್‌ಗೇ ಹೋಗುವ” ಎಂದ ವಿನ್ಸಿ. ಲವೀನಾಳಂತೂ ಫೋನ್ ಮಾಡಿದಾಗಲೆಲ್ಲ, “ಮೇಲಿನ ರೂಮ್ ಯಾರಿಗೂ ಕೊಡ್ಲಿಲ್ಲ. ನಿನಗೇ ಅಂತ ಇಟ್ಟಿದ್ದೇನೆ” ಎನ್ನುತ್ತಿದ್ದಳು. ನಾನು ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದೆ.

ಆಗ ಸಿಕ್ಕಿದವಳು ಗ್ವೆನ್. ನಮ್ಮ ಕೆಳಗಿನ ಫ್ಲ್ಯಾಟಿನ ಅಜ್ಜಿ. ಹುಟ್ಟಿದ್ದು ವೇಲ್ಸ್‌ನಲ್ಲಿ, ಹರೆಯದಲ್ಲೇ ಹಡಗು ಹತ್ತಿ ಬಂದವಳು. ಒಂದು ದಿನ ಲಿಫ್ಟಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದಳು. “ಮಾರ್ಚ್ ಒಂದು ನಮ್ಮ ಸಂತ ಡೇವಿಡ್ಡರ ಹಬ್ಬ. ಈ ರಾಜ್ಯಕ್ಕೆ ನ್ಯೂ ಸೌತ್ ವೇಲ್ಸ್ ಅಂತ ನಮ್ಮ ಹೆಸರು ಇಟ್ಕೊಂಡಿದ್ದಾರೆ, ರಜೆ ಮಾತ್ರ ಕೊಡುವುದಿಲ್ಲ! ಸಂಜೆ ಹಾಲ್‌ನಲ್ಲಿ ಸೇರ್ತೇವೆ. ಒಂದು ಪೈ ಮಾಡಿಕೊಂಡು ಬಾ, ಹಾಡು ಕೇಳು.”

ಹಬ್ಬ ಬಿದ್ದದ್ದು ಶುಕ್ರವಾರ, ಅದೂ ತಪಸ್ಸು ಕಾಲದಲ್ಲಿ. ಈಸ್ಟರ್‌ಗೆ ಮುಂಚಿನ ಆ ವಾರಗಳಲ್ಲಿ ಶುಕ್ರವಾರ ನಾವು ಮಾಂಸ ಮುಟ್ಟುವುದಿಲ್ಲ. ಮೀನಿಗೇನೂ ಅಡ್ಡಿಯಿಲ್ಲ. ಇಂಡಿಯನ್ ಅಂಗಡಿಯಿಂದ ಫ್ರೋಜನ್ ಬಂಗುಡೆ ತಂದು, ಹುಣಸೆಹುಳಿ, ಬ್ಯಾಡಗಿ ಮೆಣಸು ಅರೆದು ಪುಳಿಮುಂಚಿ ಮಾಡಿದೆ. ಅದನ್ನು ಅಂಗಡಿಯ ಪೇಸ್ಟ್ರಿ ಹಾಳೆಯೊಳಗೆ ತುಂಬಿ ಮುಚ್ಚುವುದು ನನ್ನ ಯೋಜನೆ. ಮುಳ್ಳು ತೆಗೆಯುವ ಕೆಲಸ ವಿನ್ಸಿಯದು.

“ಯಾರಾದ್ರೂ ಬಂಗುಡೆಯನ್ನು ಪೈಗೆ ಹಾಕ್ತಾರಾ? ಅಜ್ಜಂದಿರ ಗಂಟಲಿಗೆ ಮುಳ್ಳು ಸಿಕ್ಕಿದ್ರೆ ಇಲ್ಲೇ ಉಳಿಯುವ ನಮ್ಮ ಪಿಆರ್ ಕ್ಯಾನ್ಸಲ್!”

“ಬಾಯಿ ಮುಚ್ಚಿಕೊಂಡು ಮುಳ್ಳು ತೆಗಿ.”

ಹಾಲ್‌ನಲ್ಲಿ ಎಲ್ಲರ ಎದೆಯ ಮೇಲೂ ಹಳದಿ ಬಟ್ಟೆಯ ಹೂ. ಅವರ ಊರಿನ ಡ್ಯಾಫೊಡಿಲ್ ವಸಂತದ ಹೂ. ಇಲ್ಲಿ ಮಾರ್ಚ್ ಎಂದರೆ ಬೇಸಿಗೆಯ ಬಾಲ, ನಿಜವಾದದ್ದು ಎಲ್ಲಿಂದ ಬರಬೇಕು? ಮೇಜಿನ ತುಂಬ ಪೈಗಳು. ಲೀಕ್ ಎಂಬ, ನಮ್ಮ ಈರುಳ್ಳಿ ಹೂವಿನ ಅಣ್ಣನಂತಿರುವ ಸೊಪ್ಪನ್ನು ಚೀಸ್ ಜೊತೆ ಹಾಕಿದ ಗ್ವೆನ್‌ಳ ಪೈ ಬಾಯಲ್ಲಿ ಬೆಣ್ಣೆಯಂತೆ ಕರಗಿತು. ಇನ್ನೊಬ್ಬರ ಆಲೂಗಡ್ಡೆ ಪೈ ಬರೀ ಸಪ್ಪೆ, ಪಾಪ. ನನ್ನ ಬಂಗುಡೆ ಪೈ ಕಚ್ಚಿದ ಬೋಳುತಲೆಯ ಅಜ್ಜನೊಬ್ಬ ಕೆಂಪಾಗಿ, ಬೆವರಿ, ನೀರು ಕುಡಿದು, ಮತ್ತೆ ತಟ್ಟೆ ಚಾಚಿದ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ಹಾಡು. ವೇದಿಕೆ ಇಲ್ಲ, ಮೈಕ್ ಇಲ್ಲ. ಕುಳಿತಲ್ಲೇ ಒಬ್ಬರು ಶುರು ಮಾಡಿದರೆ ಉಳಿದವರು ದಪ್ಪ ದನಿ, ತೆಳು ದನಿ ಎಂದು ತಾವಾಗಿಯೇ ಸೇರಿಕೊಂಡು ಗೋಡೆ ನಡುಗಿಸುತ್ತಿದ್ದರು. ಅಜ್ಜಂದಿರ ಕಣ್ಣಲ್ಲಿ ನೀರು, ಕೈಯಲ್ಲಿ ಪೈ. ಅಷ್ಟರಲ್ಲಿ ಗ್ವೆನ್ ನನ್ನತ್ತ ತಿರುಗಿದಳು. “ಇದಕ್ಕೆ ನಮ್ಮ ಭಾಷೆಯಲ್ಲಿ ನೋಸನ್ ಲಾವೆನ್ ಅಂತ ಹೆಸರು, ಅಂದ್ರೆ ಸಂತೋಷದ ಸಂಜೆ. ಇದರಲ್ಲಿ ಪ್ರೇಕ್ಷಕರು ಅಂತ ಯಾರೂ ಇರುವುದಿಲ್ಲ. ಬಂದವರೆಲ್ಲ ಏನಾದರೂ ಹಾಡಲೇಬೇಕು. ಈಗ ನಿನ್ನ ಸರದಿ.”

ಪೈ ತಂದದ್ದೇ ಸಾಕಲ್ಲ ಎಂದೆ. ಸಾಲದಂತೆ. ನನಗೆ ಬರುವುದು ವೊವಿಯೊ, ಅದಕ್ಕೆ ತಿರುಗಿ ಹೇಳುವವರು ಬೇಕು, ಇಲ್ಲಿ ಯಾರಿದ್ದಾರೆ ಎಂದೆ. “ನಾವಿಷ್ಟು ಜನ ಇದ್ದೇವಲ್ಲ!” ಎಂದಳು. ವಿನ್ಸಿ ನನ್ನ ಬೆನ್ನಿಗೆ ತಿವಿದ. ಎದ್ದು ನಿಂತು, ನಡುಗುವ ದನಿಯಲ್ಲಿ ಮೊದಲ ಸಾಲು ಎತ್ತಿದೆ. ಗ್ವೆನ್ ತುಟಿ ಆಡಿಸಿದಳು. ಎರಡನೇ ಸಾಲಿಗೆ ಇಡೀ ಹಾಲ್ ತಿರುಗಿ ಹೇಳಿತು. ಕೊಂಕಣಿ ಪದಗಳ ಕೈಕಾಲು ಮುರಿದಿದ್ದರು, ರಾಗ ಮಾತ್ರ ಅಚ್ಚುಕಟ್ಟು. ಅದರ ಅಡಿಯಲ್ಲಿ, ವೊವಿಯೊಗೆ ಎಂದೂ ಇರದಿದ್ದ ದಪ್ಪ ದನಿಯೊಂದನ್ನು ಆ ಬೋಳುತಲೆಯ ಅಜ್ಜ ನೆಲಗಟ್ಟಿನಂತೆ ಹಾಸಿದ. ನನ್ನ ಮೈ ಜುಮ್ಮೆಂದಿತು. ಸಿಡ್ನಿಗೆ ಬಂದ ಮೇಲೆ ನಾನು ಬಾಯಿಬಿಟ್ಟು ಹಾಡಿದ್ದು ಅದೇ ಮೊದಲು.

ಈಸ್ಟರ್‌ಗೆ ಮೆಲ್ಬರ್ನಿಗೆ ಹೋದೆವು. ಲವೀನಾ ಮೇಲಿನ ರೂಮಿಗೆ ಹೊಸ ಪರದೆ ಹಾಕಿಸಿದ್ದಳು. ಊಟವಾದ ಮೇಲೆ ಅದೇ ಅಡುಗೆಮನೆ, ಅದೇ ಹೆಂಗಸರು. ನಾನು ಸಾಲು ಎತ್ತಿದೆ, ಅವರು ಒಂದಕ್ಷರ ತಪ್ಪದೆ ತಿರುಗಿ ಹೇಳಿದರು. ಈ ಪದಗಳಿಗಾಗಿ ತಿಂಗಳುಗಟ್ಟಲೆ ಹಂಬಲಿಸಿದ್ದೆ, ಕೇಳಿ ಹೊಟ್ಟೆ ತಣ್ಣಗಾಯಿತು. ಆದರೂ ಮುಂದಿನ ಸಾಲಿಗೆ ಬಾಯಿ ಏಳಲಿಲ್ಲ.

“ಎಂತ ನಿಲ್ಲಿಸಿದ್ದು? ಮುಂದಿನದ್ದು ಎತ್ತು ಮಾರಾಯ್ತಿ” ಎಂದಳು ಲವೀನಾ.

ಅಡಿಯಿಂದ ಏಳಬೇಕಾದ ಆ ಅಜ್ಜನ ದನಿಗೆ ಕಾಯುತ್ತಿದ್ದೆ. ಸಿಡ್ನಿಯಲ್ಲಿ ಹಾಡಿದರೆ ಈ ಪದಗಳು ಬೇಕೆನಿಸುತ್ತವೆ, ಇಲ್ಲಿ ಹಾಡಿದರೆ ಆ ದನಿ. ಇನ್ನು ಮೇಲೆ ನನ್ನ ಪಾಡು ಹೀಗೇ ಎಂದು ಆಗಲೇ ತಿಳಿಯಿತು.

ಹೊರಡುವ ದಿನ, “ಮೇಲಿನ ರೂಮನ್ನು ಯಾರಿಗಾದ್ರೂ ಕೊಡು” ಎಂದೆ. ಲವೀನಾಳ ಮುಖ ಬಾಡಿತು.

“ಪರದೆ ಮಾತ್ರ ತೆಗೀಬೇಡ” ಎಂದೆ.