ಮೂರನೇ ಮನೆಯ ನೆಲ

ಮಕ್ಕಳಿಬ್ಬರೂ ಶಾಲೆಗೆ ಹೋದ ಮೇಲೆ ನಮ್ಮ ಮನೆ ಎಷ್ಟು ಸುಮ್ಮನಾಗುತ್ತಿತ್ತೆಂದರೆ, ಕೊಡದಿಂದ ತಂಬಿಗೆಗೆ ನೀರು ಬಗ್ಗಿಸಿದ ಸದ್ದೂ ದೊಡ್ಡದೆನಿಸುತ್ತಿತ್ತು. ನನ್ನದೇ ಒಂದು ಕೆಲಸ ಬೇಕು ಎಂದು ಅನಿಸತೊಡಗಿದ್ದು ಆಗ. ಶಹಾಪುರಕ್ಕೆ ಕಾಲುವೆ ಬಂದು ಕೆಲವು ವರ್ಷಗಳಾಗಿದ್ದವು. ಕಾಲುವೆಯ ಹಿಂದೆ ಅದರ ಆಫೀಸುಗಳು ಬಂದವು, ಆಫೀಸುಗಳ ಹಿಂದೆ ಬಾಡಿಗೆ ಮನೆ ಹುಡುಕುವವರು. ನನ್ನ ಗಂಡನ ಸೋದರತ್ತೆ ತಮ್ಮ ಹಳೆಯ ವಾಡೆಯ ಅಂಗಳದಲ್ಲಿ ಸಾಲಾಗಿ ಸಣ್ಣ ಮನೆಗಳನ್ನು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಮೊಣಕಾಲು ಸೋತು, ಗುಲಬರ್ಗಾದಲ್ಲಿರುವ ಮಗಳ ಮನೆಗೆ ಹೋಗಿ ಇರುವ ಮನಸ್ಸು ಮಾಡಿದಾಗ ಅವರಿಗೆ ನಾನು ನೆನಪಾದೆ.

"ಕೀಲಿ ನೀ ಹಿಡಿ," ಎಂದರು ಅತ್ತೆ. "ಪುಕ್ಕಟ ಬ್ಯಾಡ, ತಿಂಗಳಾ ಪಗಾರ ಕೊಡ್ತೀನಿ. ಗೋಡಿಗೆ ಬಿದ್ದ ಇರುವಿ ಸಾಲೂ ನಿನ್ನ ಕಣ್ಣಿಗೆ ಕಾಣ್ತದ."

ನಾನು ಅಲ್ಲಿಯವರೆಗೆ ನೋಡಿಕೊಂಡದ್ದು ಒಂದೇ ಮನೆ, ನನ್ನದು. ಬೇರೆಯವರ ಮಾಡು ಸೋರಿದರೆ, ನಳದ ಮುಂದೆ ಜಗಳ ಹತ್ತಿದರೆ, ಯಾರನ್ನಾದರೂ ಖಾಲಿ ಮಾಡಿ ಎನ್ನಬೇಕಾದರೆ ಏನು ಮಾಡಲಿ ಎಂದು ಗಂಡನನ್ನು ಕೇಳಿದೆ.

"ಸ್ವಲ್ಪ ದಿನ ಮಾಡಿ ನೋಡು. ಅಂಜಿಕಿ ಬಂದ್ರ ಬಿಡು," ಎಂದರು ನಮ್ಮವರು.

"ಅಂಜಿಕಿ ಈಗೇ ಬಂದದ್ರಿ," ಎಂದೆ.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕಲಿಸಿದ್ದು ಬಾಗಿಲು ಮೆಲ್ಲಗೆ ಬಡಿದು, ಒಳಗಿನವರು ಬಾ ಎನ್ನುವವರೆಗೆ ನಿಲ್ಲುವುದನ್ನು. ಮೊದಲ ದಿನ ಪ್ರತಿ ಮನೆಯ ಮುಂದೆಯೂ ಹಾಗೇ ನಿಂತೆ. ಬಾಡಿಗೆಯ ಹೆಂಗಸರು ಸೆರಗು ಬಾಯಿಗೆ ಹಚ್ಚಿ ನಕ್ಕರು. ಅತ್ತೆ ಕಟ್ಟೆಯ ಮೇಲಿಂದಲೇ ಕೂಗಿದರು: "ಹಿಂಗ ಕೇಳಿದ್ರ ಬಾಡಿಗಿ ಕೊಡೂದಿಲ್ಲವ್ವಾ, ಭಿಕ್ಷಾ ಹಾಕ್ತಾರ!"

ಮೂರನೇ ಮನೆಯಲ್ಲಿ ಕಾಲುವೆ ಆಫೀಸಿನ ಟೈಪಿಸ್ಟ್ ಮತ್ತು ಅವನ ತುಂಬು ಬಸುರಿ ಹೆಂಡತಿ ಇದ್ದರು. ಒಳಗೆ ಕಾಲಿಟ್ಟೊಡನೆ ಊದುಬತ್ತಿಯ ಹೊಗೆ ಮುಖಕ್ಕೆ ಬಡಿಯಿತು. ದೇವರ ಮುಂದೆ ಇರಬೇಕಾದ ಕಡ್ಡಿಗಳು ಅಡುಗೆ ಮೂಲೆಯಲ್ಲಿ ಉರಿಯುತ್ತಿದ್ದವು. ಹೊಗೆಯ ಕೆಳಗೆ ಇನ್ನೊಂದು ವಾಸನೆ ಇತ್ತು, ಹುಳಿಯಾದದ್ದು, ಕೊಳೆತದ್ದು.

ನಾನು ಮೂಗು ಮುಚ್ಚಲಿಲ್ಲ. ಅದಕ್ಕೇ ಇರಬೇಕು, ಆ ಹುಡುಗಿ ನನ್ನನ್ನು ನಂಬಿದಳು.

"ಅಕ್ಕಾರ, ಯಾರ ಮುಂದೂ ಹೇಳಬ್ಯಾಡ್ರಿ," ಎಂದು ಒಂದು ನಿಂಬೆಹಣ್ಣನ್ನು ನೆಲದ ನಡುವೆ ಇಟ್ಟು ಕೈ ಬಿಟ್ಟಳು. ಹಣ್ಣು ಒಂದು ಗಳಿಗೆ ನಿಂತಿತು. ಆಮೇಲೆ ತಾನಾಗಿ ಹೊರಟು, ಶಹಾಬಾದ್ ಕಲ್ಲಿನ ಮೇಲೆ ನಿಧಾನವಾಗಿ ಉರುಳುತ್ತ ಅದೇ ಅಡುಗೆ ಮೂಲೆಗೆ ಹೋಗಿ ನಿಂತಿತು. "ಯಾರೋ ಮಾಟ ಮಾಡ್ಸ್ಯಾರಂತ ನಮ್ಮ ಅತ್ತಿ ಕೊಡೇಕಲ್ಲಿಂದ ದಾರ ತಂದು ಕಟ್ಯಾಳ. ದಿನಾ ಇಟ್ಟು ನೋಡ್ತೀನ್ರಿ. ಮೊದಲಿಗಿಂತ ಈಗ ಜಲ್ದಿ ಹೋಗ್ತದ."

ನನಗೆ ಮಾಟದ ಭಯವಾಗಲಿಲ್ಲ. ಆ ವಾಸನೆ ನನಗೆ ಗೊತ್ತಿತ್ತು. ಮುದನಾಳದ ನಮ್ಮ ಅಜ್ಜಿಯ ಅಂಗಳದಲ್ಲಿ ಹಗೇವು ಇತ್ತು, ಜೋಳ ತುಂಬಿಡುವ ಆಳವಾದ ಕುಣಿ. ಬಾಯಿ ಕಿರಿದು, ಹೊಟ್ಟೆ ಅಗಲ. ಒಂದು ವರ್ಷ ಅದರೊಳಗೆ ನೀರು ಹೋಗಿ ಜೋಳ ಕೊಳೆತಾಗ ಮನೆಯೆಲ್ಲ ಹೀಗೇ ನಾತಿತ್ತು. ಕಾಲ ಕೆಳಗಿನ ಕಲ್ಲು ನೋಡಿದೆ. ನಾನು ನಿಂತಿದ್ದೂ ಒಂದು ವಾಡೆಯ ಹಳೆಯ ಅಂಗಳದ ಮೇಲೆಯೇ.

ಅತ್ತೆ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತಿದ್ದರು. ಮೂರನೇ ಮನೆಯ ಕೆಳಗೆ ಹಗೇವು ಇತ್ತೇ ಎಂದು ಕೇಳಿದೆ. ಅಡಕತ್ತರಿ ನಿಂತಿತು.

"ಇತ್ತು ಹಗೇವು. ಹೊಟ್ಟು ತುಂಬಿಸಿ, ಮ್ಯಾಲೆ ಮಣ್ಣು ಹಾಕಿ, ಕಲ್ಲು ಹಾಸೀನಿ. ನಮ್ಮ ಮಾವನ ಕಾಲದಿಂದ ಅದರಾಗ ಒಂದು ಹನಿ ನೀರು ಕಂಡಾಕಿ ಅಲ್ಲ ನಾ."

ಕಾಲುವೆ ಬರುವ ಮೊದಲು ಆ ಮಾತು ನಿಜವೇ ಆಗಿತ್ತು. ಈಗ ಕಾಲುವೆಯ ನೀರು ನೆಲಕ್ಕಿಳಿದು, ಊರ ಬಾವಿಗಳಲ್ಲಿ ಬಗ್ಗಿದರೆ ಮುಖ ಕಾಣುತ್ತಿತ್ತು. ನೆನೆದ ಹೊಟ್ಟು ಕೊಳೆತು ಕುಸಿಯುತ್ತಿದೆ, ಕಲ್ಲಿನ ಕೆಳಗೆ ಬರೀ ಗಾಳಿ ಉಳಿದಿರಬಹುದು ಎಂದೆ.

"ಬಾಯಿ ಮುಚ್ಚಿಕೊಂಡಿರು," ಎಂದರು ಅತ್ತೆ. "ಒಬ್ರು ಓಡಿದ್ರ ಎಲ್ಲಾರೂ ಓಡ್ತಾರ. ನಾ ಗುಲಬರ್ಗಾಕ್ಕ ಹೋಗಿ ಸೇರಿದ ಮ್ಯಾಲೆ ನೋಡೋಣು."

ಹಿರಿಯರ ಮಾತು ಮೀರಿದವಳಲ್ಲ ನಾನು. ಆದರೂ ಮತ್ತೆ ಮೂರನೇ ಮನೆಯ ಬಾಗಿಲು ಬಡಿದೆ. ಟೈಪಿಸ್ಟ್ ಊಟಕ್ಕೆ ಬಂದಿದ್ದ. ನೆಲ ಸರಿಯಿಲ್ಲ, ಇವತ್ತೇ ಹೊರಗೆ ಬನ್ನಿ, ಅತ್ತೆಯವರ ಪಡಸಾಲೆಯಲ್ಲಿರಿ ಎಂದೆ. ಪಡಸಾಲೆಯನ್ನು ಕೊಡಲು ನನಗೆ ಯಾರೂ ಹೇಳಿರಲಿಲ್ಲ.

ಅವನು ರೊಟ್ಟಿ ಕೆಳಗಿಟ್ಟ. "ಬಾಡಿಗಿ ಏರ್ಸೂದಿದ್ರ ನೇರ ಹೇಳ್ರಿ ಅಕ್ಕಾರ. ಯಾವನರ ಇಂಜಿನಿಯರ ಹೆಚ್ಚಿಗಿ ಕೊಡ್ತೀನಂದಾನೇನು? ಅದಕ್ಕ ನೆಲದ ಕತಿ ಕಟ್ಟಾಕತ್ತೀರಿ. ನಾ ಬಿಡಂಗಿಲ್ಲ."

ಬೇರೆ ಯಾರಾದರೂ ಜೋರು ಮಾಡುತ್ತಿದ್ದರು. ನನಗೆ ಜೋರು ಬರುವುದಿಲ್ಲ. ನೀವು ಏಳುವವರೆಗೆ ನಾನೂ ಇಲ್ಲೇ ಇರುತ್ತೇನೆ ಎಂದು ಗೋಡೆಗೆ ಒತ್ತಿ ಕುಳಿತುಬಿಟ್ಟೆ. ಕುಳಿತ ಮೇಲೆ ಮೈಯೆಲ್ಲ ಕಿವಿಯಾಯಿತು. ಕೆಳಗೆ ಏನೋ ಸರಿದಂತೆ, ಕಲ್ಲು ಕಿರುಗುಟ್ಟಿದಂತೆ. ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಸೆರಗೇ ನಡುಗತೊಡಗಿತು.

"ಅಕ್ಕಾರ ಕೈ ನೋಡ್ರಿ," ಎಂದಳು ಅವನ ಹೆಂಡತಿ. "ಬಾಡಿಗಿ ಏರ್ಸಾಕ ಬಂದೋರ ಕೈ ಹಿಂಗ ನಡಗತಾವೇನು? ಏಳ್ರಿ ನೀವು."

ಅವನು ನನ್ನ ಕೈ ನೋಡಿದ, ಅಡುಗೆ ಮೂಲೆಯ ನಿಂಬೆಹಣ್ಣು ನೋಡಿದ. ತಾಟು ಎತ್ತಿಕೊಂಡು ಎದ್ದ.

ಹಾಸಿಗೆ ಹೊತ್ತ ಟೈಪಿಸ್ಟನನ್ನು ಕಂಡು ಅತ್ತೆ ಸಿಡಿದರು. "ನಾ ಇನ್ನೂ ಸತ್ತಿಲ್ಲ, ಆಗಲೇ ನನ್ನ ಪಡಸಾಲಿ ಬಾಡಿಗಿಗೆ ಹಚ್ಚಿದಿ?" ಅವನ ಹಿಂದೆ ಬಂದ ಹೆಂಡತಿ ಹೊಸ್ತಿಲಲ್ಲೇ ನಿಂತಳು. ಅತ್ತೆಯ ದನಿ ಬೇರೆಯಾಯಿತು. "ಬಸುರಿ ಹೊಸ್ತಿಲದಾಗ ನಿಂದರಬಾರದವ್ವಾ. ಒಳಗ ಬಾ." ನನ್ನತ್ತ ಮಾತ್ರ ನೋಡಲಿಲ್ಲ.

ಮರುದಿನ ಆಳುಗಳು ನಿಂಬೆಹಣ್ಣನ್ನು ಹೊಸ್ತಿಲ ಮೇಲೆ ತೆಗೆದಿಟ್ಟು, ಆ ಕಡೆಯಿಂದ ಹಾರೆ ಹಾಕಿ ಆ ಮೂಲೆಯ ಕಲ್ಲನ್ನು ಎಬ್ಬಿಸಿದರು. ಕೆಳಗಿನ ಮಣ್ಣು ಒಮ್ಮೆಲೆ ಒಳಗಿಳಿಯಿತು. ಸ್ವಲ್ಪ ತಡೆದು ನೀರಿನ ಸದ್ದು ಕೇಳಿತು. ಹಗೇವು ತೆಗೆದಾಗ ಮಾಡುವಂತೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಇಳಿಯುವುದರೊಳಗೆ ಕೆಟ್ಟ ಗಾಳಿಗೆ ಅದು ನಂದಿತು. ಪಡಸಾಲೆಯಲ್ಲಿ ಆ ಹುಡುಗಿ ಕೆಮ್ಮಿದ್ದು ಕೇಳಿಸಿತು. ಅತ್ತೆ ಗೋಡೆ ಹಿಡಿದು ನಿಂತರು. ಆಮೇಲೆ ಸೊಂಟದ ಕೀಲಿ ಗೊಂಚಲು ಬಿಚ್ಚಿ ನನ್ನ ಮುಂದೆ ಹಿಡಿದರು.

ನಾನು ಕೈ ಚಾಚಲಿಲ್ಲ. "ಈ ಅಂಗಳದಾಗ ಇನ್ನೂ ಎಷ್ಟು ಹಗೇವು ಇದ್ದವ್ರಿ?"

ಅತ್ತೆ ಸಾಲಿನ ಈ ತುದಿಯಿಂದ ಆ ತುದಿಗೆ ನೋಡಿದರು. ಎಣಿಸುವಂತೆ ತುಟಿ ಅಲ್ಲಾಡಿತು, ನಿಂತಿತು, ಮತ್ತೆ ಮೊದಲಿನಿಂದ ಅಲ್ಲಾಡಿತು.

"ನೆನಪಿಲ್ಲವ್ವಾ," ಎಂದರು.

ಅಂಗಳದಲ್ಲಿ ಯಾರದೋ ಕುಕ್ಕರ್ ಸೀಟಿ ಹೊಡೆಯಿತು. ಯಾವುದೋ ಮನೆಯೊಳಗೆ ಮಕ್ಕಳು ಧಪಧಪನೆ ಕುಣಿಯುತ್ತಿದ್ದರು. ನಾನು ಕೀಲಿ ಇಸಿದುಕೊಂಡೆ. ಮೂರನೇ ಮನೆಯ ಹೊಸ್ತಿಲ ಮೇಲಿದ್ದ ಆ ನಿಂಬೆಹಣ್ಣನ್ನೂ ಎತ್ತಿಕೊಂಡು, ಮಕ್ಕಳ ಸದ್ದು ಬರುತ್ತಿದ್ದ ಬಾಗಿಲಿಗೆ ಹೋಗಿ ಬಡಿದೆ. ಆ ಸಲ ಯಾರೂ ಬಾ ಎನ್ನುವವರೆಗೆ ನಿಲ್ಲಲಿಲ್ಲ.