ಹಾಸಿಗೆಯ ಪಕ್ಕದ ತುಳಸಿ

ಕಿಂಗ್ಸ್‌ಬರಿಯ ಆ ಬೀದಿಯಲ್ಲಿ ಯಾರಿಗೆ ಜ್ವರ ಬಂದರೂ, ಯಾರ ಮನೆಯಲ್ಲಿ ಹೆರಿಗೆಯಾದರೂ ವೈದೇಹಿಯವರ ಸ್ಟೀಲ್ ಡಬ್ಬಿ ಅಲ್ಲಿಗೆ ಹೋಗುತ್ತಿತ್ತು. ಮೆಣಸಿನ ಸಾರು, ಅಂಟಿನುಂಡಿ; ಜೊತೆಗೆ ಒಂದಿಷ್ಟು ಹೊತ್ತು ಕೂತು ಅವರ ಮಾತು ಕೇಳುವುದು. ಧಾರವಾಡದಿಂದ ಈ ವಿಲಾಯತಿಗೆ ಮೂಳೆ ಡಾಕ್ಟರ ಹೆಂಡತಿಯಾಗಿ ಬಂದಂದಿನಿಂದ ಅವರು ಮಾಡಿಕೊಂಡು ಬಂದದ್ದು ಇದನ್ನೇ. ಅಂಥವರಿಗೆ ಸ್ವಂತ ಗಂಡನ ಉಸಿರಿಗೆ ಏನೂ ಮಾಡಲಾಗದೆ ಹೋಯಿತು.

ಸತ್ಯಪ್ರಕಾಶರ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತ್ತು. ಮೂಗಿಗೆ ನಳಿಕೆ, ಮಂಚದ ಪಕ್ಕ ದಿನವಿಡೀ ಗುಂಯ್‌ಗುಡುವ ಆಕ್ಸಿಜನ್ ಯಂತ್ರ. ಅದನ್ನು ಜೋಡಿಸಿದವನು ಹತ್ತಿರ ಬೆಂಕಿ ಕೂಡದು ಎಂದು ಹೇಳಿಹೋದ ಮೇಲೆ ಕೋಣೆಯ ಮೂಲೆಯಲ್ಲಿದ್ದ ದೇವರ ಮುಂದೆ ತುಪ್ಪದ ದೀಪ ಹಚ್ಚುವುದೂ ನಿಂತಿತು. ಅದಕ್ಕೆ ವೈದೇಹಿ ನೊಂದುಕೊಳ್ಳಲಿಲ್ಲ, ದೇವರಿಗೆ ತಿಳಿಯುತ್ತದೆ. ಕೈಗೆ ಕೆಲಸವಿಲ್ಲದಂತಾದದ್ದೇ ಕಷ್ಟವಾಯಿತು.

ಆಗಲೇ ಹುಬ್ಬಳ್ಳಿಯ ನಾದಿನಿ ಫೋನಿನಲ್ಲಿ, "ತುಳಸಿ ಹಗಲೂ ರಾತ್ರಿ ಆಕ್ಸಿಜನ್ ಬಿಡ್ತದಂತ, ವೈನಿ. ಅಣ್ಣನ ತಲಿ ಹತ್ರ ಇಡ್ರಿ" ಎಂದಳು.

ಅಡುಗೆಮನೆ ಕಿಟಕಿಯ ತುಳಸಿ ಮಹಡಿ ಹತ್ತಿತು. ಈಲಿಂಗ್ ರೋಡಿನ ಅಂಗಡಿಗಳಿಂದ ಬೇರೆ ಬೇರೆ ಗಿಡಗಳ ಕುಂಡಗಳೂ ಬಂದವು. ಬೆಳಿಗ್ಗೆ ನೀರೆರೆದು, ಕೈಮುಗಿದು, ಗಂಡನ ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಮೀಟರ್ ನೋಡುವರು. ಅಂಕಿ ಏರಿದರೆ ಮತ್ತೊಮ್ಮೆ ಕೈಮುಗಿಯುವರು. ಇಳಿದ ದಿನ ಇನ್ನೊಂದು ಗಿಡ ತರುವರು.

"ಮಲಗಿದಲ್ಲೇ ವನವಾಸ ಮಾಡಸ್ತೀ ಏನ ನನಗ?" ಎಂದು ಸತ್ಯಪ್ರಕಾಶ ನಕ್ಕರು. ನಗುವಿನ ಹಿಂದೆಯೇ ಕೆಮ್ಮು.

ಶುಕ್ರವಾರ ಮಗಳು ಧೃತಿ ಬಂದಳು. ಇಲ್ಫರ್ಡಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳು. ಬಾಗಿಲಲ್ಲೇ ಮೂಗು ಸುಕ್ಕಿಸಿದಳು.

"ಅಮ್ಮಾ, ಈ ಹಸಿ ಮಣ್ಣಾಗ ಬೂಸ್ಟು ಬೆಳೀತದ. ಅಪ್ಪನ ಲಂಗ್ಸಿಗೆ ಕೆಟ್ಟದ್ದು."

"ಉಸಿರು ಕೊಡೋ ಗಿಡ ಕೆಟ್ಟದ್ದು ಹ್ಯಾಂಗ?"

ಧೃತಿ ಮಂಚದ ಅಂಚಿಗೆ ಕೂತು, ಚಿಕ್ಕ ತರಗತಿಗೆ ಹೇಳುವಂತೆ ಹೇಳಿದಳು. ಎಲೆ ಬೆಳಕು ಹಿಡಿದು, ನೀರನ್ನೂ ನಾವು ಬಿಟ್ಟ ಇಂಗಾಲದ ಗಾಳಿಯನ್ನೂ ಸೇರಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ಆಗ ಆಕ್ಸಿಜನ್ ಹೊರಬರುತ್ತದೆ. ಆದರೆ ಗಿಡವೂ ಬದುಕಬೇಕಲ್ಲ? ಹಗಲೂ ರಾತ್ರಿ ಅದು ಆ ಸಕ್ಕರೆಯನ್ನು ಆಕ್ಸಿಜನ್ನಿನಿಂದಲೇ ಕರಗಿಸಿ ಶಕ್ತಿ ತೆಗೆಯುತ್ತದೆ, ನಮ್ಮ ಮೈಯ ಕಣಕಣವೂ ಮಾಡುವ ಹಾಗೆ. ಕತ್ತಲಲ್ಲಿ ತೆಗೆದುಕೊಳ್ಳುವುದೊಂದೇ, ಕೊಡುವುದಿಲ್ಲ.

"ತುಳಸೀನೂ?"

"ತುಳಸೀನೂ, ಅಮ್ಮಾ. ಡಿಸೆಂಬರದಾಗ ಈ ಕಿಟಕಿಗೆ ಬರೋ ಬೆಳಕು ಅದರ ಹೊಟ್ಟೀಗೇ ಸಾಲಂಗಿಲ್ಲ. ನೋಡು, ಎಲಿ ಉದರ್ಲಿಕ್ಕತ್ತಾವ."

"ಇನ್ನೂ ಹೆಚ್ಚು ಇಟ್ಟರ?"

"ಮನಿ ತುಂಬ ಇಟ್ಟರೂ ಒಬ್ಬರ ಉಸಿರಿಗೆ ಸಾಲೂದಿಲ್ಲ. ಕೋಣ್ಯಾಗ ಆಕ್ಸಿಜನ್ ಕಡಿಮಿ ಏನಿಲ್ಲ. ಅಪ್ಪನ ಲಂಗ್ಸಿನಿಂದ ರಕ್ತಕ್ಕ ದಾಟವಲ್ಲದು."

"ಹಂಗಾದ್ರ ನಾ ಏನ ಮಾಡ್ಲಿ?"

ಧೃತಿ ಎದ್ದಳು. ಬಗ್ಗಿ ಒಂದೊಂದೇ ಕುಂಡ ಎತ್ತಿ ಕೆಳಗೆ ಸಾಗಿಸಿದಳು. ತುಳಸಿಗೆ ಕೈಹಾಕಿದಾಗ ವೈದೇಹಿ ತಡೆದರು.

"ದೀಪ ಹಚ್ಚೋ ಹೊತ್ತು ದಾಟೇದ. ಈಗ ಮುಟ್ಟಬಾರದು."

"ಇನ್ನೂ ಐದು ಗಂಟೆ, ಅಮ್ಮಾ!"

"ಕತ್ತಲಾಗೇದಲ್ಲ."

"ಇರ್ಲಿ ಬಿಡ, ಧೃತಿ," ದಿಂಬಿನ ಕಡೆಯಿಂದ ದನಿ ಬಂತು. "ಅದೂ ಉಸಿರಾಡ್ಲಿ. ಎಷ್ಟರೆ ತಗೋತದ, ಪಾಪ."

ವೈದೇಹಿ ಗಂಡನತ್ತ ತಿರುಗಿದರು. "ನಿಮಗ ಗೊತ್ತಿತ್ತೇನ್ರಿ ಇದೆಲ್ಲಾ?"

"ಡಾಕ್ಟರ್ ಅಲ್ಲೇನ ನಾನು?"

"ಮತ್ತ ಹೇಳಬಾರದಿತ್ತ?"

ಅವರು ಉಸಿರು ಕೂಡಿಸಿಕೊಂಡರು. "ನಿನಗ... ಒಂದು ಕೆಲಸ ಇತ್ತಲ್ಲ."

ಮರುದಿನ ಬೆಳಕು ಹರಿದ ಮೇಲೆ ವೈದೇಹಿ ತುಳಸಿಗೆ ನಮಸ್ಕರಿಸಿ, ಕುಂಡವನ್ನು ತಾವೇ ಎದೆಗವಚಿಕೊಂಡು ಕೆಳಗಿಳಿಸಿದರು. ಮತ್ತೆ ಮಹಡಿ ಹತ್ತಿ ಬರುವಷ್ಟರಲ್ಲಿ ಏದುಸಿರು. ಬಾಗಿಲ ಚೌಕಟ್ಟು ಹಿಡಿದು ನಿಂತರು.

ಸತ್ಯಪ್ರಕಾಶ ಅವರನ್ನೇ ನೋಡುತ್ತಿದ್ದರು. ಮೆಲ್ಲಗೆ ಮೂಗಿನಿಂದ ನಳಿಕೆ ತೆಗೆದು, ತುದಿ ಹಿಡಿದು ಹೆಂಡತಿಯ ಕಡೆಗೆ ಚಾಚಿದರು.

"ಬೇಕೇನ ನಿನಗ ಸ್ವಲ್ಪ?"

"ಹುಚ್ಚರಹಂಗ ಮಾಡಬ್ಯಾಡ್ರಿ!" ವೈದೇಹಿ ಓಡಿಬಂದು ನಳಿಕೆಯನ್ನು ಮತ್ತೆ ಮೂಗಿಗೆ ಸಿಕ್ಕಿಸಿದರು. ಕಿವಿಯ ಹಿಂದೆ ಎಳೆದು ಸರಿಪಡಿಸಿದರು. ಅಷ್ಟು ಹಾಸ್ಯಕ್ಕೇ ಗಂಡನ ತುಟಿ ನೀಲಿಗಟ್ಟಿತ್ತು. ಅದು ಮತ್ತೆ ಕೆಂಪಾಗುವುದನ್ನು ಕಾಯುತ್ತ ವೈದೇಹಿ ಕೈಕಟ್ಟಿ ಕೂತರು. ಇವತ್ತು ಬಣ್ಣ ಬೇಗ ಮರಳಲಿಲ್ಲ.