ಸಾತಲಿಂಗಪ್ಪನವರ ಗಾಳಿಯಂತ್ರ

ಅಫಜಲಪುರದ ತೊಗರಿ ವ್ಯಾಪಾರಿ ಸಾತಲಿಂಗಪ್ಪನವರಿಗೆ ಮಲಗುವುದೆಂದರೆ ಒಂದು ಪ್ರಯೋಗ. ನಿದ್ದೆಯಲ್ಲಿ ಉಸಿರು ಕಟ್ಟುವ ರೋಗಕ್ಕೆ ಸೊಲ್ಲಾಪುರದ ವೈದ್ಯರು ಕೊಟ್ಟ ಗಾಳಿಯಂತ್ರದ, ಉದ್ದ ಕೊಳವೆಯ ಮುಖವಾಡವನ್ನು ಅವರು ಮೊದಲು ತೊಗರಿ ಚೀಲದ ಬಾಯಿಯಂತೆ ಬಿಗಿಯುತ್ತಾರೆ. ಕೆನ್ನೆ ನೊಂದಾಗ ಸಡಿಲಿಸುತ್ತಾರೆ. ಗಾಳಿ ಸೋರಿ ಸಿಳ್ಳೆ ಹೊಡೆದರೆ ಯಂತ್ರವನ್ನೇ ಶಂಕಿಸುತ್ತಾರೆ. “ಗಾಳಿ ಮೊದಲ ಸಣ್ಣಗ ಬರಬೇಕು, ಆಮ್ಯಾಲ ಏರಬೇಕು. ಇದು ಒಮ್ಮೆಲೇ ನುಗ್ಗತೈತಿ!” ಎಂದು ಗುಂಡಿ ತಿರುವುತ್ತಾರೆ. “ಸೊಂಡಿ ಇಟ್ಗೊಂಡು ಗಣಪ್ಪನಂಗ ಕಾಣಾಕತ್ತೀರಿ, ಸುಮ್ಮ ಮಲ್ಕೋರಿ,” ಎಂದು ಹೆಂಡತಿ ಗುರುಶಾಂತಮ್ಮ ಗೇಲಿ ಮಾಡುತ್ತಾರೆ. ಹಿಂದೆಲ್ಲ, ಗಂಡನ ಉಸಿರು ನಿಂತರೆ ಎಬ್ಬಿಸಲೆಂದು ಆಕೆ ಅವರ ಎದೆಯ ಮೇಲೆ ಕೈಯಿಟ್ಟುಕೊಂಡು ಎಚ್ಚರವಾಗಿಯೇ ಇರುತ್ತಿದ್ದರು. ಈಗ ಗಂಡ ಮುಖವಾಡದ ಪಟ್ಟಿ ಸರಿಪಡಿಸಿ ಮುಗಿಸುವ ಮೊದಲೇ ಗುರುಶಾಂತಮ್ಮನವರಿಗೆ ನಿದ್ದೆ ಹತ್ತಿರುತ್ತದೆ. ಅದನ್ನು ಕಂಡೊಡನೆ ಸಾತಲಿಂಗಪ್ಪನವರು ಪ್ರಯೋಗ ನಿಲ್ಲಿಸಿ, ಸಿಳ್ಳೆ ಆಕೆಯನ್ನು ಎಬ್ಬಿಸದಂತೆ ಮುಖವಾಡವನ್ನು ಕೈಯಿಂದ ಒತ್ತಿ ಹಿಡಿದು, ಅಲುಗಾಡದೆ ಮಲಗುತ್ತಾರೆ.